ಬಿಲ್ಲೆ ಕಟ್ಟಿದ ಗಾಲಿ ಕುರ್ಚಿಯೊಂದಿಗೆ ಮುಂಬಯಿಗೆ

ಮಾನ್ವಿಯಿಂದ ರಾಯಚೂರಿಗೆ ಬೆಳಗಿನ ಏಳರ ಬಸ್ಸು ಹತ್ತಿದಾಗ ನನ್ನ ಗಾಲಿ ಕುರ್ಚಿ ಬಸ್ಸಿನ ಟಾಪಿನ ಮೇಲಿತ್ತು. ಅದರ ಒಂದು ಪಕ್ಕಕ್ಕೆ ಎರಡು ಭತ್ತದ ಚೀಲ, ಇನ್ನೊಂದು ಪಕ್ಕಕ್ಕೆ ಯಾರದೋ ಕಬ್ಬಿಣದ ಟ್ರಂಕು. ಹಗ್ಗ ಬಿಗಿದವನು ನನ್ನ ಸೋದರಮಾವ ಬೀರಪ್ಪ. ಮೂರು ಸಲ ಎಳೆದು ನೋಡಿದ, ನಾಲ್ಕನೆಯ ಸಲಕ್ಕೆ ಕಂಡಕ್ಟರ್ ಬೈಯತೊಡಗಿದ ಮೇಲೆ ಇಳಿದು ಬಂದ. ಎಂಬತ್ತರ ದಶಕದ ಮೊದಲ ವರ್ಷಗಳವು. ತಲೆಗೆ ನಾಲ್ಕೂವರೆ ರೂಪಾಯಿ ಟಿಕೀಟು. ಕುರ್ಚಿಗೂ ಲಗೇಜೆಂದು ಒಂದು ರೂಪಾಯಿಯ ಚೀಟಿ ಹರಿದ ಕಂಡಕ್ಟರ್.

"ಅದು ಸಾಮಾನಲ್ಲಪ್ಪಾ, ನನ್ನ ಕಾಲು. ಕಾಲಿಗೂ ಟಿಕೀಟು ಹರೀತೀಯೇನು?" ಎಂದೆ.

"ಕಾಲು ಮ್ಯಾಲಿಟ್ಟೀರಲ್ರಿ ಅಕ್ಕೋರೆ. ಮ್ಯಾಲಿದ್ದದ್ದಕ್ಕೆಲ್ಲಾ ಲಗೇಜೇ" ಎಂದ. ಬಸ್ಸಿನವರೆಲ್ಲ ನಕ್ಕರು, ನಾನೂ ನಕ್ಕೆ. ಆಗ ನಗು ಬರುತ್ತಿತ್ತು.

ನಾನು ಮಾನ್ವಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವಳು. ಹುಟ್ಟಿದ್ದು ಮಲ್ಲಟದಲ್ಲಿ. ಮೂರು ವರ್ಷದವಳಿದ್ದಾಗ ಪೋಲಿಯೋ ಬಂದು ಎರಡೂ ಕಾಲು ಹೋದವು. ಮೂವತ್ತು ತುಂಬುವವರೆಗೂ ಯಾರಾದರೂ ಎತ್ತಿಕೊಂಡು ಹೋದರೆ ಉಂಟು, ಇಲ್ಲದಿದ್ದರೆ ಅಂಗೈಗೆ ಚಪ್ಪಲಿ ಸಿಕ್ಕಿಸಿಕೊಂಡು ತೆವಳುವುದು. ಎತ್ತುವವರಿಗೇನು, ಎತ್ತಿ ಒಯ್ದು ಅವರಿಗೆ ಬೇಕಾದಲ್ಲಿ ಕೂರಿಸುತ್ತಾರೆ. ನನಗೆಲ್ಲಿ ಬೇಕು ಎಂದು ಕೇಳಿದವರಿಲ್ಲ. ಸಂಬಳ ಕೂಡಿಟ್ಟು ಹೈದರಾಬಾದಿನಿಂದ ಗಾಲಿ ಕುರ್ಚಿ ತರಿಸಿದ ದಿನ ಮನೆಯವರಿಗೂ ಶಾಲೆಯವರಿಗೂ ಒಂದೇ ಮಾತು ಹೇಳಿಬಿಟ್ಟೆ: ಇನ್ನು ಮೇಲೆ ನನ್ನನ್ನು ಯಾರೂ ಎತ್ತಕೂಡದು. ಬಸ್ಸಿನ ಮೆಟ್ಟಿಲೊಂದನ್ನು ಬಿಟ್ಟರೆ ನಾಲ್ಕು ವರ್ಷ ಆ ಮಾತು ನಡೆದಿತ್ತು.

ಮಕ್ಕಳಿಗಾಗಿ ನಾನು ಬರೆದ ಎರಡು ನಾಟಕಗಳಿಗೆ ಮುಂಬಯಿಯ ಒಂದು ಕನ್ನಡ ಸಂಘದವರು ಬಹುಮಾನ ಕೊಟ್ಟು ಕರೆದಿದ್ದರು. ರೈಲಿನಲ್ಲಾದರೆ ಪಾಯಖಾನೆಗೂ ಯಾರಾದರೂ ಹೊರಬೇಕು, ಬರುವುದಿಲ್ಲ ಎಂದು ಬರೆದೆ. ಹೈದರಾಬಾದಿನಿಂದ ವಿಮಾನದ ಟಿಕೀಟು, ಹೋಗಿಬರಲು ಇಬ್ಬರಿಗೆ, ಕಳಿಸಿಯೇಬಿಟ್ಟರು! ನಾನು ಮತ್ತೊಂದು ಪತ್ರ ಹಾಕಿದೆ: ವೇದಿಕೆಗೆ ಮೆಟ್ಟಿಲಿದ್ದರೆ ಅದರ ಮೇಲೆ ಹಲಗೆ ಹಾಸಿ, ನಾನೇ ಉರುಳಿಸಿಕೊಂಡು ಹತ್ತುತ್ತೇನೆ. ಹಲಗೆ ಮಾಡಿಸುತ್ತಿದ್ದೇವೆ ಎಂದು ಸಂಘದ ಕಾರ್ಯದರ್ಶಿಗಳ ಉತ್ತರ ಬಂತು. ಕೊನೆಗೊಂದು ಸಾಲು ಸೇರಿಸಿದ್ದರು: "ವಿಮಾನದಲ್ಲಿ ಕುರ್ಚಿಯನ್ನು ಕೆಳಗೆ ಸಾಮಾನಿನ ಜೊತೆ ಹಾಕುತ್ತಾರೆ. ವಿಮೆ ಮಾಡಿಸಿಕೊಂಡು ಬರುವುದು ಒಳ್ಳೆಯದು."

ವಿಮೆ ಎಂದರೆ ನಮ್ಮ ಕಡೆ ಗೊತ್ತಿದ್ದದ್ದು ಎತ್ತಿನ ವಿಮೆ, ಅಕ್ಕಿ ಗಿರಣಿಯವರ ಲಾರಿ ವಿಮೆ, ಅಷ್ಟೇ. ಗೊತ್ತಿರುವ ಮನುಷ್ಯ ಎಂದು ಮಾಮನನ್ನು ಕೇಳಿದೆ. ಅವನದು ದೇವದುರ್ಗದ ಹತ್ತಿರದ ಹಳ್ಳಿ. ಕುರಿ ಕಾಯ್ದು, ಎರಡೆತ್ತಿನ ಬೇಸಾಯ ಮಾಡಿ ಅರವತ್ತು ದಾಟಿದವನು. ಸಂಗಡ ಬರಲು ಒಪ್ಪಿದ್ದೂ ಅವನೇ. "ನನ್ನ ಎತ್ತಿಗೆ ಮಾಡಿದ ಏಜೆಂಟ್ರು ರಾಯಚೂರಾಗ ಅದಾರ. ಛಲೋ ಮನುಷ್ಯಾ. ಹೋಗಾಗ ಅಲ್ಲೇ ಇಳದು ಮಾಡಿಸಿಕೊಂಡು ಹೋಗೂಣು" ಎಂದ.

ರಾಯಚೂರಿನಲ್ಲಿ ಇಳಿದಾಗ ಒಂಬತ್ತು ಹೊಡೆದಿರಲಿಲ್ಲ, ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ನಿಲ್ದಾಣದ ಎದುರಿಗೆ ಮಂಡಾಳ ಒಗ್ಗರಣೆ, ಮಿರ್ಚಿ ತಿಂದೆವು. ಸ್ಟೇಷನ್ ರಸ್ತೆಯಲ್ಲಿ ಏಜೆಂಟರ ಕೋಣೆ. ಗೋಡೆಯ ತುಂಬ ಎತ್ತು ಎಮ್ಮೆಗಳ ಫೋಟೋ. ಅವರು ನನ್ನನ್ನು ನೋಡಿದರು, ಕುರ್ಚಿಯನ್ನು ನೋಡಿದರು, ಡ್ರಾಯರಿನಿಂದ ಒಂದು ಫಾರ್ಮು ತೆಗೆದರು. ಅದರಲ್ಲಿ ಬಣ್ಣ, ವಯಸ್ಸು, ಕೊಂಬಿನ ಆಕಾರ ಎಂದಿತ್ತು. ಅದನ್ನು ಒಳಗಿಟ್ಟು ಇನ್ನೊಂದು ತೆಗೆದರು. ಅದು ಲಾರಿಯಲ್ಲಿ ಹೋಗುವ ಅಕ್ಕಿ ಚೀಲಗಳದು.

"ಇದಽ ಸರಿ. ಸಾಮಾನು ಇಲ್ಲಿಂದ ಅಲ್ಲಿಗೆ ಹೋಗಿಬರಾಕ" ಎಂದು ಇಂಗ್ಲಿಷಿನಲ್ಲಿ ತುಂಬಿದರು. ಕುರ್ಚಿಯ ಖರೀದಿ ರಸೀತಿ ನೋಡಿ ಬೆಲೆ ಬರೆದುಕೊಂಡರು. ಆಮೇಲೆ ಪೆನ್ನು ಕಚ್ಚುತ್ತ ಕುಳಿತರು. "ಗುರುತಿಗೆ ನಂಬರ್ ಬೇಕಲ್ರಿ ಅಕ್ಕೋರೆ. ಸೈಕಲ್ಲಿಗಿರ್ತದ, ಲಾರಿಗಿರ್ತದ. ಇದಕ್ಕೇನದ?"

ಇರಲಿಲ್ಲ. ಅವರು ಡಬ್ಬಿಯೊಂದನ್ನು ಅಲ್ಲಾಡಿಸಿ, ಎತ್ತಿನ ಕಿವಿಗೆ ಹೊಡೆಯುವ ಹಿತ್ತಾಳೆಯ ಬಿಲ್ಲೆ ತೆಗೆದು, ತಂತಿಯಿಂದ ನನ್ನ ಕುರ್ಚಿಯ ಬಲಗೈಗೆ ಬಿಗಿದರು. ಅದರ ನಂಬರು ಕಾಗದಕ್ಕೆ ಬರೆದರು. ನನಗೆ ನಗು ತಡೆಯಲಾಗಲಿಲ್ಲ. "ಹುಲ್ಲು ಎಷ್ಟು ಹಾಕಬೇಕಂತನೂ ಬರೀರಿ" ಎಂದೆ.

ಮಾಮ ಮಾತ್ರ ನಗಲಿಲ್ಲ. "ನಗಬ್ಯಾಡ ಗಂಗಮ್ಮ. ಹೋದ ವರ್ಷ ನನ್ನ ಎತ್ತು ಸತ್ತಾಗ ಬಿಲ್ಲೆ ಇದ್ದ ಕಿವಿ ಕೊಯ್ದು ತಂದುಕೊಟ್ನಿ. ಒಂದು ಮಾತು ಆಡಲಿಲ್ಲ, ರೊಕ್ಕ ಎಣಿಸಿ ಕೊಟ್ರು ಇವರು."

"ಹೌದ್ರಿ. ಏನಽ ಆಗಲಿ, ಬಿಲ್ಲೆ ಕಳೀಬ್ಯಾಡ್ರಿ" ಎಂದರು ಏಜೆಂಟರು. "ಬಿಲ್ಲೆ ಇಲ್ಲಂದ್ರ ರೊಕ್ಕ ಇಲ್ಲ." ಮಾಮ ತಲೆಯಾಡಿಸಿದ. ನಾನು ವಿಮೆಯ ಕಾಗದ ಮಡಿಚಿ ಚೀಲದಲ್ಲಿಟ್ಟೆ. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಲಿಲ್ಲ. ಮಕ್ಕಳಿಗೆ ಪೂರ್ತಿ ಓದಿರಿ, ಪೂರ್ತಿ ಓದಿರಿ ಎಂದು ದಿನಾ ಬಡಿದುಕೊಳ್ಳುವ ನಾನು ಓದಲಿಲ್ಲ.

ರಾಯಚೂರಿನಿಂದ ಹೈದರಾಬಾದಿಗೆ ಕೃಷ್ಣೆ ದಾಟಿ, ಮಹಬೂಬನಗರದ ಮೇಲೆ ಹೋಗುವ ಬಸ್ಸು ಹಿಡಿದೆವು. ಇನ್ನೂರು ಕಿಲೋಮೀಟರಿನ ಮೇಲಿನ ದಾರಿ, ಆರು ತಾಸು ಹಿಡಿಯಿತು. ಕುರ್ಚಿ ಮತ್ತೆ ಟಾಪಿನ ಮೇಲೆ, ಈ ಸಲ ಮೆಣಸಿನಕಾಯಿ ಚೀಲಗಳ ನಡುವೆ. ರಸ್ತೆ ಎಂದರೆ ಬರೀ ತಗ್ಗು. ಬಸ್ಸು ಕುಣಿದಾಗಲೆಲ್ಲ ನನ್ನ ಜೀವ ಮೇಲಕ್ಕೆ ಹಾರಿ ಕುರ್ಚಿಯನ್ನು ಮುಟ್ಟಿ ನೋಡಿ ಬರುತ್ತಿತ್ತು. ಮಹಬೂಬನಗರದಲ್ಲಿ ಬಸ್ಸು ನಿಂತಾಗ ಕಟ್ಟಿಕೊಂಡು ಹೋದ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಹೈದರಾಬಾದಿನಲ್ಲಿ ಇಳಿಸಿಕೊಂಡು ನೋಡಿದರೆ ಒಂದು ಗೀರೂ ಬಿದ್ದಿರಲಿಲ್ಲ, ಸೀಟಿನ ಮೇಲೆ ಮೆಣಸಿನಕಾಯಿ ಘಾಟು ಮಾತ್ರ. ನಾನೇ ಉರುಳಿಸಿಕೊಂಡು ಧರ್ಮಶಾಲೆಯ ಬಾಗಿಲು ದಾಟಿದೆ.

ಮರುದಿನ ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿ ಮೊದಲ ಪೆಟ್ಟು ಬಿತ್ತು. ಏಣಿಯ ಬುಡದವರೆಗೆ ಕುರ್ಚಿಯಲ್ಲೇ ಹೋದೆ. ಅಲ್ಲಿ ಇಬ್ಬರು ಹಮಾಲರು ಹೇಳದೆ ಕೇಳದೆ ನನ್ನ ಕಂಕುಳಿಗೂ ಮೊಣಕಾಲಿಗೂ ಕೈ ಹಾಕಿ, ಏಕದಂ ಎತ್ತಿ, ಏಣಿ ಏರಿಬಿಟ್ಟರು. ಸೆರಗು ಒಂದು ಕಡೆ, ಚಪ್ಪಲಿ ಒಂದು ಕಡೆ. ಸೀಟಿನಲ್ಲಿ ಕೂರಿಸಿದ ಮೇಲೆ ಸೆರಗು ಸರಿಮಾಡಿಕೊಂಡೆ. ಕಿಟಕಿಯಿಂದ ನೋಡಿದೆ: ನನ್ನ ಕುರ್ಚಿಯನ್ನು ಮಡಿಚಿ ಸೂಟ್‌ಕೇಸುಗಳ ಗಾಡಿಯ ಮೇಲೆ ಒಗೆದರು. ಇಟ್ಟರು ಎನ್ನುವುದಿಲ್ಲ, ಒಗೆದರು.

"ಬಿಲ್ಲೆ ಅದ ಬಿಡು" ಎಂದ ಮಾಮ. ಅವನು ಸೀಟಿನ ಪಟ್ಟಿ ಬಿಗಿದುಕೊಂಡು, ಮಡಿಲಲ್ಲಿ ರೊಟ್ಟಿ ಗಂಟು ಇಟ್ಟುಕೊಂಡು ಕೂತಿದ್ದ. ಮೇಲೆ ಹೋದ ಮೇಲೆ ಕೆಳಗಿನ ಹೊಲಗಳನ್ನು ನೋಡಿ, "ಇಷ್ಟು ಹುಲ್ಲಿದ್ರೂ ಒಂದು ಕುರಿ ಕಾಣವಲ್ದು ನೋಡು" ಎಂದು ಆಶ್ಚರ್ಯಪಟ್ಟ. ಒಂದು ಚಿಲ್ಲರೆ ತಾಸಿನಲ್ಲಿ ಮುಂಬಯಿ ಬಂತು.

ಎಲ್ಲರೂ ಇಳಿದ ಮೇಲೆ ನನ್ನನ್ನು ಇಳಿಸಿ, ನಿಲ್ದಾಣದವರ ಭಾರೀ ಕಬ್ಬಿಣದ ಕುರ್ಚಿಯಲ್ಲಿ ಕೂರಿಸಿ, ಸಾಮಾನು ಬರುವಲ್ಲಿಗೆ ತಳ್ಳಿಕೊಂಡು ಹೋದರು. ಸೂಟ್‌ಕೇಸುಗಳು ಬಂದವು, ಹಾಸಿಗೆ ಸುರುಳಿ ಬಂತು, ಯಾರದೋ ಮಾವಿನ ಬುಟ್ಟಿ ಸಹ ನೆಟ್ಟಗೆ ಬಂತು. ಕೊನೆಗೆ ನನ್ನ ಕುರ್ಚಿ ಬಂತು. ಎಡಗಡೆಯ ದೊಡ್ಡ ಗಾಲಿ ಹಪ್ಪಳದಂತೆ ಸೊಟ್ಟಗಾಗಿತ್ತು. ಪಾದ ಇಡುವ ಪಟ್ಟಿ ಒಂದು ಇರಲೇ ಇಲ್ಲ. ಸೀಟಿನ ಬಟ್ಟೆ ಉದ್ದಕ್ಕೆ ಹರಿದಿತ್ತು. ಇಡೀ ದಿನ ಆ ರಸ್ತೆಗಳಲ್ಲಿ, ಟಾಪಿನ ಮೇಲೆ ಕುಣಿದು ಬಂದದ್ದಕ್ಕೆ ಏನೂ ಆಗಿರಲಿಲ್ಲ. ಹೂವಿನಂತೆ ಹಾರಿದ ವಿಮಾನದಲ್ಲಿ ಹೀಗಾಗಿತ್ತು! "ಅಯ್ಯೋ ಶಿವನೇ, ನನ್ನ ಕಾಲು ಮುರದಾರೋ" ಎಂದು ಕಿರುಚಿದೆ. ಸುತ್ತಲಿನವರೆಲ್ಲ ನನ್ನ ಕಾಲುಗಳ ಕಡೆ ನೋಡಿದರು.

ಅಷ್ಟರಲ್ಲಿ ಸಂಘದ ಕಾರ್ಯದರ್ಶಿಗಳು ಬಂದರು. ಬಿಳಿ ಅಂಗಿಯ, ಮೆತ್ತಗೆ ಮಾತನಾಡುವ ಮನುಷ್ಯ. ನೋಡಿದವರೇ, "ಹೊರಗೆ ಹೋಗುವ ಮೊದಲು ಇಲ್ಲಿಯೇ ಬರೆಸಬೇಕು ಮೇಡಂ. ಹೊರಗೆ ಹೋದರೆ ಯಾರೂ ಕೇಳುವುದಿಲ್ಲ" ಎಂದರು. ಆಫೀಸು ಒಳಗಿನ ಮೂಲೆಯಲ್ಲಿತ್ತು. ಅವರೇ ನನ್ನನ್ನು ಆ ಕಬ್ಬಿಣದ ಕುರ್ಚಿಯಲ್ಲಿ ತಳ್ಳಿಕೊಂಡು ಹೊರಟರು. ಚೀಟಿ ಬರೆಸಲು ಲಗೇಜಿನ ರಸೀತಿ ಸಾಕೆಂದು, ಮುರಿದ ಕುರ್ಚಿಯನ್ನೂ ಚೀಲಗಳನ್ನೂ ತೆಗೆದುಕೊಂಡು ಬಾಗಿಲ ಹೊರಗೆ ನೆರಳಿನಲ್ಲಿ ಕೂರಲು ಮಾಮನಿಗೆ ಹೇಳಿದರು. ನಾನು ಹಿಂದಕ್ಕೆ ಹೊರಳಿ ಹೊರಳಿ ಕುರ್ಚಿಯನ್ನು ನೋಡುತ್ತ ಹೋದೆ.

ಆಫೀಸಿನಲ್ಲಿ ಟೈ ಕಟ್ಟಿದವನೊಬ್ಬ ಒಂದು ಚೀಟಿ ಬರೆದ: ಗಾಲಿ ಕುರ್ಚಿ ಒಂದು, ಜಖಂ. ಆಮೇಲೆ ಅದರ ತೂಕ ಎಷ್ಟು ಎಂದು ಕೇಳಿದ. ತೂಕ ಯಾಕೆ ಎಂದೆ. ಸಾಮಾನು ಹಾಳಾದರೆ ನಾವು ಕೊಡುವುದು ಕಿಲೋ ಲೆಕ್ಕದಲ್ಲಿ, ಕುರ್ಚಿಯಾದರೂ ಅಷ್ಟೇ, ಹಾಸಿಗೆಯಾದರೂ ಅಷ್ಟೇ ಎಂದ. ಸಂತೆಯಲ್ಲಿ ಬದನೆಕಾಯಿ ಕೊಡುವಂತೆ ನನ್ನ ನಡಿಗೆಯನ್ನು ತೂಗಲು ನಿಂತಿದ್ದ! "ವಿಮೆ ಮಾಡಿಸಿದ್ದೀರಲ್ಲ, ಸಮಾಧಾನ" ಎಂದರು ಕಾರ್ಯದರ್ಶಿಗಳು. "ಗಾಲಿಯನ್ನು ಇಲ್ಲೇ ನೇರ ಮಾಡಿಸಬಹುದು. ನಮ್ಮ ಕಡೆ ಒಬ್ಬ ಒಳ್ಳೆಯ ಕೆಲಸಗಾರ ಇದ್ದಾನೆ. ನಾಳೆ ಸಂಜೆಯೊಳಗೆ ಮಾಡಿಕೊಡುತ್ತಾನೆ." ಆ ಮಾತಿಗೆ ಹೋದ ಜೀವ ಬಂದಂತಾಯಿತು. ನಾಳೆ ಸಂಜೆಯೇ ಸಮಾರಂಭ.

ಚೀಟಿ ಹಿಡಿದು ಹೊರಗೆ ಬಂದಾಗ ಒಂದು ತಾಸಾಗಿತ್ತು. ಮಾಮ ಚೀಲಗಳ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಕುರ್ಚಿ ಇರಲಿಲ್ಲ.

"ಕುರ್ಚಿ ಎಲ್ಲಿ ಮಾಮಾ?"

ಅವನು ಹೆಗಲ ಟವೆಲ್ಲು ಬಿಚ್ಚಿದ. ಒಳಗೆ ಕುರ್ಚಿಯ ಬಲಗೈ, ಹಿತ್ತಾಳೆ ಬಿಲ್ಲೆಯ ಸಮೇತ. "ಕೈ ಕಿತ್ತು ಇಟ್ಟೀನಿ. ನಂಬರ್ ನೆಟ್ಟಗದ ನೋಡು" ಎಂದ.

"ಉಳಿದದ್ದು?"

"ಹಳೇ ಕಬ್ಬಿಣ ಆರಸಾಂವ ಗಾಡಿ ತಂದಿದ್ದ. ಒಯ್ದ."

ನನಗೆ ಅರ್ಥವಾಗಲಿಲ್ಲ. ಎರಡನೆಯ ಸಲ ಕೇಳಿದೆ, ಮೂರನೆಯ ಸಲ ಕೇಳಿದೆ. ಅದೇ ಉತ್ತರ. ಎತ್ತು ಸತ್ತರೆ ಕಿವಿ ಕೊಯ್ದುಕೊಂಡು ಹೆಣ ಸಾಗಿಸುತ್ತಾರೆ. ಅವನು ಹಾಗೆಯೇ ಮಾಡಿದ್ದ. ಆಮೇಲೆ ಬಾಯಿ ತೆರೆದೆ ನೋಡಿ, ಮುಂಬಯಿಯ ಟ್ಯಾಕ್ಸಿಯವರೆಲ್ಲ ಸುತ್ತಗಟ್ಟಿ ನಿಂತರು. "ಸತ್ತಿದ್ದಿಲ್ಲ ಅದು! ಒಂದು ಗಾಲಿ ಸೊಟ್ಟ ಆಗಿತ್ತಷ್ಟೇ! ನಿನ್ನ ತಲ್ಯಾಗ ಏನದ, ಕುರಿ ಹಿಕ್ಕಿ ಅದ ಏನು? ಕುರಿ ಕಾಯಾಂವಗ ಕುರ್ಚಿ ಕಾಯಾಕ ಹಚ್ಚಿದ ನನಗ ಬುದ್ಧಿ ಇಲ್ಲ!" ತಂದೆಯ ವಯಸ್ಸಿನವನಿಗೆ ಆಡಬಾರದ ಮಾತು. ಮಾಮ ಟವೆಲ್ಲನ್ನು ಮತ್ತೆ ಸುತ್ತಿ, ತಲೆ ತಗ್ಗಿಸಿ ನಿಂತ. ಕಾರ್ಯದರ್ಶಿಗಳು ಟ್ಯಾಕ್ಸಿಯಲ್ಲಿ ಅತ್ತಿತ್ತ ಎರಡು ಸುತ್ತು ಹೊಡೆದು ಬಂದರು. ಅಂಥ ಗಾಡಿ ಹತ್ತು ಕಂಡವು, ನನ್ನ ಕುರ್ಚಿ ಕಾಣಲಿಲ್ಲ.

ಮರುದಿನ ನಸುಕಿನಲ್ಲೇ, ಸಂಘದವರು ನಮ್ಮನ್ನು ಇಳಿಸಿದ್ದ ಮನೆಯಿಂದ ಮಾಮ ಯಾರಿಗೂ ಹೇಳದೆ ಹೊರಟುಹೋದ, ಕುರ್ಚಿಯ ಕೈಯನ್ನು ಹಿಡಿದುಕೊಂಡು. ಬಂದದ್ದು ಮಧ್ಯಾಹ್ನ ಮೂರಕ್ಕೆ, ಅಂಗಿ ಬೆವರಿನಲ್ಲಿ ತೊಯ್ದಿತ್ತು. ತನ್ನ ದೇವದುರ್ಗದ ಉರ್ದುವಿನಲ್ಲಿ "ಇದರ ಉಳಿದದ್ದು ಎಲ್ಲಿ" ಎಂದು ಗುಜರಿ ಅಂಗಡಿ ಅಂಗಡಿ ಕೇಳಿದ್ದನಂತೆ. ಗಾಡಿಯವನೂ ಸಿಕ್ಕ, ಅಂಗಡಿಯೂ ಸಿಕ್ಕಿತು. "ಗ್ಯಾಸ್ ಹಚ್ಚಿ ಕೊಯ್ದುಬಿಟ್ಟಾರವ್ವಾ" ಎಂದ. "ಯಾವುದು ನಮ್ಮದು, ಯಾವುದು ಮಂದೀದು, ತಿಳೀಲಿಲ್ಲ." ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದೆ.

ಸಂಜೆ ಸಭೆಗೆ ಹೋದೆವು. ಸಂಘದವರು ಹಲಗೆ ಮಾಡಿಸಿದ್ದರು. ಎಂಥ ಹಲಗೆ! ಹತ್ತು ಅಡಿ ಉದ್ದ, ಎರಡೂ ಅಂಚಿಗೆ ಪಟ್ಟಿ, ಗಾಲಿ ಜಾರದಂತೆ ಮೇಲೆ ಕೆಂಪು ಜಮಖಾನೆ. ಕಾರ್ಯದರ್ಶಿಗಳ ಮಗಳು ಇಳಿಜಾರಿನ ಅಂಚಿಗೆ ಸೇವಂತಿಗೆ ಹೂ ಬೇರೆ ಕಟ್ಟಿದ್ದಳು. ಹೆಸರು ಕರೆದಾಗ ಇಬ್ಬರು ನನ್ನನ್ನು ಮರದ ಕುರ್ಚಿಯ ಸಮೇತ ಎತ್ತಿಕೊಂಡು ಆ ಹಲಗೆಯ ಪಕ್ಕದ ಮೆಟ್ಟಿಲು ಹತ್ತಿದರು. ಹಲಗೆಯ ಮೇಲೆ ಒಬ್ಬರೂ ಕಾಲಿಡಲಿಲ್ಲ. ಚಪ್ಪಾಳೆ ಬಹಳ ಹೊತ್ತು ಬಿತ್ತು. ಬರೆದುಕೊಂಡು ಹೋದ ಭಾಷಣ ಕೈಯಲ್ಲಿತ್ತು, ನಾಲ್ಕು ಸಾಲು ಓದಿದೆ, ಆಗಲಿಲ್ಲ, ಕೈ ಮುಗಿದೆ.

ಮುಂಬಯಿಗೆ ಬಂದ ಮೂರನೆಯ ದಿನ ಹಿಂದಿರುಗಿದೆವು. ವಿಮಾನಕ್ಕೆ ಹಮಾಲರು ಎತ್ತಿದರು, ಹೈದರಾಬಾದಿನಲ್ಲಿ ಇಳಿಸಿದರು, ರಾತ್ರಿ ಅದೇ ಧರ್ಮಶಾಲೆ, ಬೆಳಿಗ್ಗೆ ಬಸ್ಸು. ನಾಲ್ಕು ವರ್ಷದಲ್ಲಿ ಎತ್ತಿಸಿಕೊಳ್ಳದ್ದನ್ನು ನಾಲ್ಕು ದಿನದಲ್ಲಿ ಎತ್ತಿಸಿಕೊಂಡೆ. ಮಾಮನೊಂದಿಗೆ ನಾನು ಮಾತು ಬಿಟ್ಟಿದ್ದೆ. ಅವನು ನೀರು ಕೊಟ್ಟರೆ ಕುಡಿಯುತ್ತಿದ್ದೆ, ಅಷ್ಟೇ.

ರಾಯಚೂರಿನಲ್ಲಿ ಮಾಮ ನನ್ನನ್ನು ಆಟೋದಲ್ಲಿ ಏಜೆಂಟರ ಬಾಗಿಲಿಗೆ ಒಯ್ದ. ಅವರು ಹೊರಗೆ ಬಂದು, ಆಟೋದ ಪಕ್ಕ ನಿಂತೇ ಎಲ್ಲ ಕೇಳಿದರು. ಟವೆಲ್ಲಿನಿಂದ ಹೊರಬಂದ ಕೈ ನೋಡಿ ಅವರ ಮುಖದ ಬಣ್ಣವೇ ಹೋಯಿತು.

"ಕುರ್ಚಿ ಎಲ್ರಿ?"

"ಬಿಲ್ಲೆ ತಂದೀನಲ್ರಿ" ಎಂದ ಮಾಮ.

"ಅಯ್ಯ, ಎತ್ತಿಗೆ ಕಿವಿ ಸಾಕು ಬೀರಪ್ಪಾ. ಕುರ್ಚಿಗೆ ಕುರ್ಚಿನೇ ಬೇಕು. ಕಂಪನಿಯಾಂವ ಬಂದು ಎಷ್ಟು ಮುರದದ ಅಂತ ನೋಡಬೇಕು, ರಿಪೇರಿಗೆ ಎಷ್ಟು ಅಂತ ಬರೀಬೇಕು. ಹಿಂದ ಸಣ್ಣ ಅಕ್ಷರದಾಗ ಎಲ್ಲಾ ಬರದದ. ನೀವು ಕೊಟ್ಟುಬಿಟ್ರ, ವಿಮಾನದಾಗ ಮುರೀತೋ, ನೀವೇ ಮಾರಿದ್ರೋ, ಅವರಿಗೇನು ಗೊತ್ತು?"

ನನಗೆ ಸಿಟ್ಟು ನೆತ್ತಿಗೇರಿತು. "ಎತ್ತಿನ ಬಿಲ್ಲೆ ಕಟ್ಟಿದವರು ಯಾರ್ರೀ? ಬಿಲ್ಲೆ ಕಳೀಬ್ಯಾಡ್ರಿ ಅಂದವರು ಯಾರು? ಕುರ್ಚಿ ಕಳೀಬ್ಯಾಡ್ರಿ ಅಂದ್ರೇನು ನೀವು? ಒಮ್ಮೆರೆ ಅಂದ್ರೇನು?" ಏಜೆಂಟರು ವಿಮಾನದವರ ಚೀಟಿ ಇಸಿದುಕೊಂಡು, ಇದನ್ನು ಹಚ್ಚಿ ಬರೆದು ನೋಡುತ್ತೇನೆ, ಆಸೆ ಇಟ್ಟುಕೊಳ್ಳಬೇಡಿ ಎಂದರು. ಆಮೇಲೆ ಅವರ ಕಂಪನಿಯಿಂದ ನನಗೆ ಒಂದು ಕಾಗದವೂ ಬರಲಿಲ್ಲ.

ಸಂಜೆ ಐದರ ಹೊತ್ತಿಗೆ ಬಸ್ಸು ಮಾನ್ವಿ ಮುಟ್ಟಿತು. ನಿಲ್ದಾಣದಲ್ಲಿ ನನ್ನ ಶಾಲೆಯ ಹುಡುಗಿಯರು ಇಪ್ಪತ್ತು ಜನ, ಹೆಡ್‌ಮಾಸ್ತರರು, ಕೈಯಲ್ಲಿ ಹೂವಿನ ಹಾರ. ಹುಡುಗಿಯರು ಮೊದಲು ನೋಡಿದ್ದು ಟಾಪಿನ ಕಡೆ. "ಅಕ್ಕೋರೆ, ಗಾಡಿ ಎಲ್ರಿ?" ಮಾಮ ಬಸ್ಸಿನಿಂದ ಇಳಿದು ಎಲ್ಲರಿಗೂ ಕೇಳುವಂತೆ, "ನಾನೇ ಕಳದೀನಿ" ಎಂದ. ಆಮೇಲೆ ಮೆಟ್ಟಿಲ ಮುಂದೆ ನನಗೆ ಬೆನ್ನು ಕೊಟ್ಟು ಕುಕ್ಕರಿಸಿದ. ಬೇರೆ ದಾರಿ ಇರಲಿಲ್ಲ. ಅವನ ಕೊರಳಿಗೆ ಕೈ ಹಾಕಿದೆ.

ಬಜಾರಿನ ಉದ್ದಕ್ಕೂ ಜನ ಅಂಗಡಿಯಿಂದ ಇಣುಕಿದರು. ಹುಡುಗಿಯರು ಹಾರ ಹಿಡಿದುಕೊಂಡು ಸುಮ್ಮನೆ ಹಿಂದೆ ಬಂದರು. ಮಾಮನ ಉಸಿರು ಸಿಳ್ಳೆಯಂತೆ ಕೇಳುತ್ತಿತ್ತು. ಇಬ್ಬರು ಮೂವರು ನಾವು ಹೊರುತ್ತೇವೆ ಎಂದು ಮುಂದೆ ಬಂದರೆ ತಲೆಯಾಡಿಸಿ ಮುಂದೆ ನಡೆದ. ಮೂರು ದಿನದ ಮೇಲೆ ಆಗ ನಾನು ಮಾತಾಡಿದೆ.

"ಬಿಲ್ಲೆ ತಗೊಂಡಿದ್ದಿ, ಆಯ್ತು. ಉಳಿದದ್ದು ಅಲ್ಲೇ ಬಿದ್ದಿರ್ತಿತ್ತು. ನಾ ಬರೂತನಾ ತಡೀಲಿಲ್ಲ ಯಾಕ ಮಾಮಾ? ಯಾಕಷ್ಟು ಅವಸರ ಮಾಡಿ ಕೊಟ್ಟಿ?"

ಅವನು ಹತ್ತು ಹೆಜ್ಜೆ ನಡೆದ ಮೇಲೆ ಹೇಳಿದ. "ಅದನ್ನ ನೋಡಿ ನೀ ಒದರಿದ್ಯಲ್ಲ, ಯವ್ವಾ, ಆ ಧ್ವನಿ ನಾ ಎಂದೂ ಕೇಳಿದ್ದಿಲ್ಲ. ಒಳಗ ಹೋಗಾಗನೂ ಹೊಳ್ಳಿ ಹೊಳ್ಳಿ ನೋಡಾಕತ್ತಿದ್ದಿ. ಹೊರಗ ಬಂದಾಗ ಮತ್ತ ನಿನ್ನ ಕಣ್ಣಿಗೆ ಬೀಳಬಾರದು ಅಂತ ಕೊಟ್ಟುಬಿಟ್ನಿ."

ನಾನು ಅಷ್ಟು ಬೈದರೂ, ಮೂರು ದಿನ ಮಾತು ಬಿಟ್ಟರೂ ಇದನ್ನು ಒಮ್ಮೆಯೂ ಹೇಳಿರಲಿಲ್ಲ. ಇಳಿಸು ಮಾಮಾ, ದಣಿದೀ ಎಂದೆ. "ಸುಮ್ಮ ಕೂಡು" ಎಂದ. ಮನೆ ಇನ್ನೂ ದೂರವಿತ್ತು. ಕೊರಳಿಗೆ ಕೈ ಬಿಗಿದು, ಅವನ ರುಮಾಲಿನಲ್ಲಿ ಮುಖ ಹುದುಗಿಸಿ, ಬಜಾರಿಗೆ ಬಜಾರೇ ನೋಡುತ್ತಿದ್ದರೂ ಜೋರಾಗಿ ಅತ್ತೆ.